ವಹಿಯಲ್ಲಿ ಉಳಿದ ಹೆಸರು

ನಮ್ಮ ಅಜ್ಜ ತೀರಿಕೊಂಡದ್ದು 1978ರಲ್ಲಿ. ಆದರೆ ಸರಕಾರದ ಪಹಣಿಯಲ್ಲಿ ಅವರು ಆ ಮೇಲೆಯೂ ನಲವತ್ತೈದು ವರ್ಷ ಬದುಕಿದ್ದರು. ಊರ ಮುಂದಿನ ಎರಡು ಎಕರೆ ಗದ್ದೆಗೆ ಅವರೇ ಯಜಮಾನರು. ಉತ್ತವರು ನಮ್ಮ ತಂದೆ, ಬಿತ್ತವರು ನಮ್ಮ ತಂದೆ, ವರ್ಷ ವರ್ಷವೂ ಕಂದಾಯ ಕಟ್ಟಿದವರೂ ಅವರೇ. ರಸೀದಿಯ ಮೇಲೆ ಮಾತ್ರ ಅಜ್ಜನ ಹೆಸರು. ಖಾತೆ ಬದಲಾಯಿಸಿಕೊಳ್ಳಿರೆಂದು ಯಾರಾದರೂ ಹೇಳಿದರೆ ತಂದೆಯವರು, "ಹಿರಿಯರ ಹೆಸರು ಇದ್ದರೆ ಇರಲಿ ಬಿಡಿ, ಗದ್ದೆಯೇನು ಎದ್ದು ಹೋಗುತ್ತದೆಯೆ?" ಎಂದು ನಕ್ಕುಬಿಡುತ್ತಿದ್ದರು.

2023ರ ಆರಂಭದಲ್ಲಿ ತಂದೆಯವರೂ ಹೋದರು. ಅವರ ಮರಣ ಪ್ರಮಾಣಪತ್ರ ದೊರೆಯುವುದು ಕಷ್ಟವಾಗಲಿಲ್ಲ. ಅವರು ಮನೆಯಲ್ಲಿಯೇ ಕಣ್ಣು ಮುಚ್ಚಿದ್ದರು. ಮನೆಯಲ್ಲಿ ಸಾವು ಸಂಭವಿಸಿದರೆ ಮನೆಯ ಹಿರಿಯನು 21 ದಿನಗಳೊಳಗೆ ನೋಂದಣಾಧಿಕಾರಿಗೆ ತಿಳಿಸಬೇಕೆಂಬುದು ನಿಯಮ. ನಾನು ಉತ್ತರಕ್ರಿಯೆಗಳ ನಡುವೆಯೇ ಹೋಗಿ ತಿಳಿಸಿ ಬಂದೆ. ವಿಷಯ ತಿಳಿಸಿದವರಿಗೆ ಮೊದಲ ಪ್ರತಿಯನ್ನು ಶುಲ್ಕವಿಲ್ಲದೆ ಕೊಡುತ್ತಾರೆ, ಅದೂ ಕೈಸೇರಿತು. ತೊಡಕು ಹುಟ್ಟಿದ್ದು ಆ ಬಳಿಕ. ಗದ್ದೆಯನ್ನು ನಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಪೌತಿ ಖಾತೆಗೆ ಅರ್ಜಿ ಹಾಕಿದಾಗ, "ಖಾತೆ ಇರುವುದು ನಿಮ್ಮ ಅಜ್ಜನ ಹೆಸರಿನಲ್ಲಿ. ಅವರು ತೀರಿಕೊಂಡದ್ದಕ್ಕೆ ದಾಖಲೆ ಎಲ್ಲಿ?" ಎಂದು ಕೇಳಿದರು. ಅಜ್ಜ ಸತ್ತದ್ದಕ್ಕೆ ದಾಖಲೆ! ಊರಿಗೆ ಊರೇ ಬಲ್ಲ ಸಂಗತಿಗೆ ಸಾಕ್ಷಿ ಬೇಕಾಗಿತ್ತು.

ಮನೆಗೆ ಬಂದು ಅಮ್ಮನನ್ನು ಕೇಳಿದೆ. "ತುಳಸಿ ಹಬ್ಬದ ಹಿಂದಿನ ದಿನ" ಎಂದರು ಅಮ್ಮ. ನಮ್ಮ ಹಳ್ಳಿಗಳಲ್ಲಿ ಕಾಲದ ಲೆಕ್ಕ ನಡೆಯುವುದು ಹೀಗೆಯೇ. ಹುಟ್ಟು ಸಾವುಗಳಿಗೆಲ್ಲ ಹಬ್ಬ ಹುಣ್ಣಿಮೆಗಳ, ಮಳೆ ನಕ್ಷತ್ರಗಳ ಗುರುತು. ಅದು ತಪ್ಪು ಲೆಕ್ಕವಲ್ಲ; ಆದರೆ ಕಚೇರಿಯ ಭಾಷೆ ಬೇರೆ. ಅಲ್ಲಿಗೆ ತಿಂಗಳು, ತಾರೀಖು, ಇಸವಿ ಬೇಕು. ಹಳೆಯ ಪಂಚಾಂಗದ ಲೆಕ್ಕ ಹಿಡಿದು, ಅದು 1978ರ ನವೆಂಬರ್ ತಿಂಗಳೆಂದು ನಿಶ್ಚಯಿಸಿಕೊಂಡೆ.

ಹಿಂದೆ ಊರಿನ ಹುಟ್ಟು ಸಾವುಗಳ ಲೆಕ್ಕ ಶಾನುಭೋಗರ ಕೈಯಲ್ಲಿತ್ತು. 1963ರಲ್ಲಿ ಆ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾಗಿ ಗ್ರಾಮಲೆಕ್ಕಿಗರು ಬಂದರು. ದೇಶಕ್ಕೆಲ್ಲ ಒಂದೇ ಕ್ರಮವಿರಬೇಕೆಂದು 1969ರಲ್ಲಿ ಜನನ ಮರಣ ನೋಂದಣಿ ಅಧಿನಿಯಮವಾದಾಗ, ನಮ್ಮ ಹಳ್ಳಿಗಳಲ್ಲಿ ಗ್ರಾಮಲೆಕ್ಕಿಗರೇ ನೋಂದಣಾಧಿಕಾರಿಗಳಾದರು. ಅವರು ಬರೆದ ಹಳೆಯ ವಹಿಗಳು ತಾಲ್ಲೂಕು ಕಚೇರಿಯ ದಾಖಲೆ ಕೋಣೆಯನ್ನು ಸೇರಿರುತ್ತವೆ. ಈಗ ಕರ್ನಾಟಕದಲ್ಲಿ ಇ-ಜನ್ಮ ಎಂಬ ಗಣಕ ವ್ಯವಸ್ಥೆಯಿದೆ. ಇಂದಿನ ಸಾವು ಅದರಲ್ಲಿ ದಾಖಲಾಗುತ್ತದೆ. ಆದರೆ ನನಗೆ ಬೇಕಾಗಿದ್ದ ಹಾಳೆ ಆ ಕಾಲದ್ದಲ್ಲ. ಅದು ಮಸಿಯಲ್ಲಿ ಬರೆದು, ಬಟ್ಟೆಯಲ್ಲಿ ಕಟ್ಟಿಟ್ಟ ಕಾಲದ್ದು.

ಒಂದು ಸೋಮವಾರ ತಾಲ್ಲೂಕು ಕಚೇರಿಗೆ ಹೋದೆ. ಅರ್ಜಿಯಲ್ಲಿ ಸತ್ತವರ ಹೆಸರು, ತಂದೆಯ ಹೆಸರು, ಊರು, ದಿನಾಂಕ ಇವನ್ನೆಲ್ಲ ತುಂಬಿದೆ. ವಹಿಯಲ್ಲಿ ಹುಡುಕುವುದಕ್ಕೂ ಪ್ರತಿ ಕೊಡುವುದಕ್ಕೂ ಅಲ್ಪ ಶುಲ್ಕವುಂಟು. ಇಸವಿ ತಿಳಿಯದಿದ್ದರೆ ವರ್ಷ ವರ್ಷದ ವಹಿಯನ್ನೂ ಹುಡುಕಿಸಬೇಕಾಗುತ್ತದೆ. ಅರ್ಜಿಯ ಕೊನೆಯಲ್ಲಿ 'ಉದ್ದೇಶ' ಎಂಬ ಒಂದು ಸಾಲಿತ್ತು. ಅಲ್ಲಿ 'ಪೌತಿ ಖಾತೆಗಾಗಿ' ಎಂದು ಬರೆದೆ.

ದಾಖಲೆ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತಿಯ ಅಂಚಿನಲ್ಲಿದ್ದ ನೌಕರರು. ನಾನು ಶಾಲೆಯ ಉಪಾಧ್ಯಾಯನೆಂದು ತಿಳಿದ ಮೇಲೆ ಅವರು ನನ್ನನ್ನು ಮೇಷ್ಟ್ರೇ ಎಂದೇ ಕರೆದರು. ಏಣಿ ಹತ್ತಿ ಒಂದು ಗಂಟನ್ನು ಇಳಿಸಿದರು. ಧೂಳು ಕೊಡವಿ, ಗಂಟು ಬಿಚ್ಚಿ, ಎರಡು ಕೈಯಲ್ಲಿಯೂ ವಹಿಯನ್ನು ಎತ್ತಿ ಮೇಜಿನ ಮೇಲೆ ಇಟ್ಟರು. ಹಾಳೆಗಳ ಅಂಚು ಹಪ್ಪಳದಂತೆ ಮುರಿಯುವ ಸ್ಥಿತಿಯಲ್ಲಿತ್ತು. ಅವರು ಒಂದೊಂದೇ ಹಾಳೆಯನ್ನು ಅಂಗೈ ಮೇಲೆ ತೆಗೆದುಕೊಂಡು ಮಗುಚುತ್ತಿದ್ದರು. ನವೆಂಬರ್ ತಿಂಗಳಲ್ಲಿ ನಮ್ಮ ಊರಿನ ಹೆಸರೇ ಇರಲಿಲ್ಲ. ಡಿಸೆಂಬರ್‌ನಲ್ಲಿಯೂ ಇಲ್ಲ. "ತಿಂಗಳು ತಪ್ಪಿರಬಹುದು, ಹಿಂದೆ ನೋಡೋಣ" ಎಂದು ಅವರು ಅಕ್ಟೋಬರ್, ಸೆಪ್ಟೆಂಬರ್ ದಾಟಿ ಹಿಂದಕ್ಕೆ ಹೋದರು.

ಆಗಸ್ಟ್ ತಿಂಗಳ ಹಾಳೆಯಲ್ಲಿ ಅವರ ಬೆರಳು ನಿಂತಿತು. "ನಿಮ್ಮ ಊರಿನದೊಂದು ಇದೆ. ಆದರೆ ಇದು ಹೆಣ್ಣು ಮಗು. ವಯಸ್ಸು ಮೂರು ವರ್ಷ" ಎಂದು ಅವರು ತಂದೆಯ ಹೆಸರನ್ನು ಓದಿದರು. ಅದು ನನ್ನ ತಂದೆಯ ಹೆಸರು.

ನನಗೆ ಒಬ್ಬಳು ತಂಗಿಯಿದ್ದಳು. ಅವಳು ಹೋದಾಗ ನನಗೆ ಆರು ವರ್ಷ. ಅವಳದೊಂದು ಚಿತ್ರಪಟವೂ ನಮ್ಮ ಮನೆಯಲ್ಲಿಲ್ಲ. ಹೊಸ್ತಿಲ ಮೇಲೆ ಕುಳಿತು ಹುರಿಗಡಲೆ ತಿನ್ನುತ್ತಿದ್ದ ಒಂದು ಪುಟ್ಟ ಆಕೃತಿ, ಅಷ್ಟೇ ನನ್ನ ನೆನಪು. ಎಲ್ಲರೂ ಅವಳನ್ನು ಪುಟ್ಟಿ ಎಂದು ಕರೆಯುತ್ತಿದ್ದರು. ಅದಕ್ಕಿಂತ ಬೇರೆ ಹೆಸರು ಅವಳಿಗಿತ್ತೆಂಬುದೇ ನನಗೆ ತಿಳಿದಿರಲಿಲ್ಲ. ನಮ್ಮ ಮನೆಯ ಪದ್ಧತಿಯಲ್ಲಿ ಅಷ್ಟು ಚಿಕ್ಕ ಮಕ್ಕಳಿಗೆ ವರ್ಷಾಬ್ದಿಕವಿಲ್ಲ. ತಿಥಿಯಿಲ್ಲದವರ ದಿನವನ್ನು ನೆನೆಯುವವರಾರು? ಅಜ್ಜನಂತೂ ಅವಳ ಮಾತೆತ್ತಲು ಯಾರನ್ನೂ ಬಿಡುತ್ತಿರಲಿಲ್ಲವಂತೆ. "ಮಗು ಹೋದ ಮೂರನೆಯ ದಿನವೇ ನಾಟಿಯ ಗದ್ದೆ ನೋಡಲು ಹೋದ ಮನುಷ್ಯ" ಎಂದು ಅಮ್ಮ ಒಮ್ಮೆ ಹೇಳಿದ್ದರು. ಅವರು ಅದನ್ನು ಮತ್ತೆ ಹೇಳಲಿಲ್ಲ; ಆದರೆ ಆ ಮಾತಿನಲ್ಲಿದ್ದ ನೋವು ಅಷ್ಟು ವರ್ಷವೂ ಆರಿರಲಿಲ್ಲವೆಂಬುದನ್ನು ನಾನು ಬಲ್ಲೆ.

ವಹಿಯಲ್ಲಿ ಅವಳ ಹೆಸರಿತ್ತು. ಅದು ಅಜ್ಜನ ತಾಯಿಯ ಹೆಸರು. ಮರಣ ಹೊಂದಿದ ದಿನಾಂಕ ಆಗಸ್ಟ್ 14. ನೋಂದಣಿಯಾದ ದಿನಾಂಕ ಆಗಸ್ಟ್ 16. ಕೊನೆಯ ಅಂಕಣದಲ್ಲಿ ಮಾಹಿತಿ ಕೊಟ್ಟವರ ಹೆಸರೂ ರುಜುವೂ ಇದ್ದವು. ನೌಕರರು ವಹಿಯನ್ನು ನನ್ನ ಕಡೆಗೆ ಸ್ವಲ್ಪ ತಿರುಗಿಸಿದರು. ಕೂಲಿಮಠದಲ್ಲಿ ಕಲಿತವರ ಆ ದಪ್ಪ ದುಂಡು ಅಕ್ಷರವನ್ನು ಗುರುತಿಸಲು ನನಗೆ ಯಾರ ಸಹಾಯವೂ ಬೇಕಾಗಿರಲಿಲ್ಲ. ಅದು ಅಜ್ಜನ ರುಜು.

ಗ್ರಾಮಲೆಕ್ಕಿಗರು ಆಗ ಇದ್ದದ್ದು ನಾಲ್ಕು ಮೈಲಿ ದೂರದ ಊರಿನಲ್ಲಿ. ನಡುವೆ ಒಂದು ಹಳ್ಳ. ಶ್ರಾವಣದ ಮಳೆಗೆ ಅದು ಉಕ್ಕಿ ಹರಿಯುತ್ತದೆ. ಎಪ್ಪತ್ತು ದಾಟಿದ್ದ ಮುದುಕರೊಬ್ಬರು ಕಂಬಳಿಯ ಕೊಪ್ಪೆ ಹಾಕಿಕೊಂಡು, ಆ ಹಳ್ಳವನ್ನು ದಾಟಿ, ಯಾರೂ ಕೇಳದಿದ್ದರೂ ಹೋಗಿ, ಮೂರು ವರ್ಷದ ಮೊಮ್ಮಗಳ ಹೆಸರನ್ನು ಬರೆಸಿ ಬಂದಿದ್ದರು. ಆ ಮಗುವಿಗೆ ಆಸ್ತಿಯಿರಲಿಲ್ಲ. ಅವಳ ಹೆಸರಿನಲ್ಲಿ ಬದಲಾಯಿಸಬೇಕಾದ ಖಾತೆಯಿರಲಿಲ್ಲ. ಆದರೂ ಬರೆಸಿದ್ದರು.

ನಾನು ಇನ್ನೊಂದು ಅರ್ಜಿ ಬರೆಯತೊಡಗಿದೆ. 'ಉದ್ದೇಶ' ಎಂಬ ಸಾಲಿಗೆ ಬಂದು ಕೈ ನಿಂತಿತು. "ಇಲ್ಲಿ ಏನೆಂದು ಬರೆಯಲಿ?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮನೆಯಲ್ಲಿ ಇಡುವುದಕ್ಕೆ ಎಂದು ಬರೆಯಿರಿ, ಮೇಷ್ಟ್ರೇ" ಎಂದರು. ಹಾಗೆಯೇ ಬರೆದೆ. ಮಗು ಯಾವ ಕಾಯಿಲೆಯಿಂದ ಸತ್ತಿತೆಂದು ಕೇಳಬೇಕೆಂದು ಒಂದು ಕ್ಷಣ ಅನಿಸಿತು, ಕೇಳಲಿಲ್ಲ. ಮರಣದ ಕಾರಣವನ್ನು ವಹಿಯಲ್ಲಿ ಬರೆದಿಟ್ಟರೂ, ಹೊರಗೆ ಕೊಡುವ ಪ್ರತಿಯಲ್ಲಿ ಅದನ್ನು ಕಾಣಿಸಕೂಡದೆಂದು ಕಾನೂನು ಹೇಳುತ್ತದೆ. ಸತ್ತವರಿಗೂ ಒಂದು ಮರ್ಯಾದೆಯುಂಟೆಂಬುದನ್ನು ಕಾನೂನು ಮರೆತಿಲ್ಲ.

ಆದರೆ ಅಜ್ಜನ ಹೆಸರು ಸಿಕ್ಕಿರಲಿಲ್ಲ. "ಅವರು ಮನೆಯಲ್ಲಿಯೇ ತೀರಿಕೊಂಡರೆ?" ಎಂದು ನೌಕರರು ಕೇಳಿದರು. ಸಾವನ್ನು ನೋಂದಾಯಿಸುವುದು ಅದು ಸಂಭವಿಸಿದ ಸ್ಥಳದಲ್ಲಿ. ಸತ್ತವರ ಸ್ವಂತ ಊರು ಯಾವುದಾದರೂ ಸರಿಯೆ. ಆಸ್ಪತ್ರೆಯಲ್ಲಿ ಸತ್ತರೆ ಆಸ್ಪತ್ರೆಯವರೇ ಅಲ್ಲಿನ ನೋಂದಣಾಧಿಕಾರಿಗೆ ತಿಳಿಸಬೇಕು. ಈ ಒಂದು ವಿಷಯ ತಿಳಿಯದೆ ಎಷ್ಟೋ ಜನ ತಮ್ಮ ಊರಿನ ವಹಿಯನ್ನೇ ಮತ್ತೆ ಮತ್ತೆ ಹುಡುಕಿಸಿ, ಇಲ್ಲವೆಂದು ಕೈಚೆಲ್ಲುತ್ತಾರೆಂದು ಅವರು ಹೇಳಿದರು. ಸಂಜೆ ಅಮ್ಮನನ್ನು ವಿಚಾರಿಸಿದಾಗ ನಿಜ ಹೊರಬಿತ್ತು. ಎದೆನೋವೆಂದು ಅಜ್ಜನನ್ನು ಪಟ್ಟಣದ ಆಸ್ಪತ್ರೆಗೆ ಸೇರಿಸಿದ್ದರು. ರಾತ್ರಿ ಲಾರಿಯಲ್ಲಿ ಊರಿಗೆ ತಂದದ್ದು ದೇಹವನ್ನು ಮಾತ್ರ.

ಪಟ್ಟಣದ ನಗರಸಭೆಯ ವಹಿಯಲ್ಲಿ ಅಜ್ಜ ಅರ್ಧ ಗಂಟೆಯಲ್ಲಿ ಸಿಕ್ಕಿದರು. ಆದರೆ ಆಸ್ಪತ್ರೆಗೆ ಸೇರಿಸಿದವರು ಆತುರದಲ್ಲಿ ಹೇಳಿದ ಹೆಸರಿಗೂ ಪಹಣಿಯ ಹೆಸರಿಗೂ ಎರಡಕ್ಷರದ ವ್ಯತ್ಯಾಸವಿತ್ತು. ಅದಕ್ಕೂ ದಾರಿಯುಂಟು. ತಪ್ಪಾಗಿದೆಯೆಂದು ದಾಖಲೆಗಳಿಂದ ಮನದಟ್ಟಾದರೆ ನೋಂದಣಾಧಿಕಾರಿಯು ಅದನ್ನು ತಿದ್ದಬಹುದು. ತಿದ್ದುವ ಕ್ರಮ ಸೊಗಸಾಗಿದೆ: ಮೊದಲು ಬರೆದುದನ್ನು ಅಳಿಸುವಂತಿಲ್ಲ, ಹೊಡೆದುಹಾಕುವಂತಿಲ್ಲ, ಅದನ್ನು ಹಾಗೆಯೇ ಬಿಟ್ಟು ಪಕ್ಕದ ಅಂಚಿನಲ್ಲಿ ಸರಿಯಾದುದನ್ನು ಬರೆದು, ರುಜು ಹಾಕಿ, ತಾರೀಖು ಹಾಕಬೇಕು. ನನ್ನ ಅರ್ಜಿಗೂ ಹಾಗೆಯೇ ತಿದ್ದುಪಡಿಯಾಯಿತು.

ವಹಿಯಲ್ಲಿ ಹೆಸರೇ ಇಲ್ಲದಿದ್ದರೆ ಗತಿಯೇನೆಂದು ನೀವು ಕೇಳಬಹುದು. ಆಗ 'ದಾಖಲೆ ಲಭ್ಯವಿಲ್ಲ' ಎಂದು ಬರೆದುಕೊಡುತ್ತಾರೆ. ಸಾವು ಸಂಭವಿಸಿ ಒಂದು ವರ್ಷ ಕಳೆದಿದ್ದರೆ, ಸತ್ಯಾಸತ್ಯವನ್ನು ವಿಚಾರಿಸಿ ದಂಡಾಧಿಕಾರಿಗಳು ಆದೇಶ ಕೊಟ್ಟ ಮೇಲೆಯೇ ನೋಂದಣಿ. ಮೊದಲು ಇದಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಜಿಲ್ಲಾ ದಂಡಾಧಿಕಾರಿಗಳು, ಉಪವಿಭಾಗದ ದಂಡಾಧಿಕಾರಿಗಳು ಅಥವಾ ಜಿಲ್ಲಾ ದಂಡಾಧಿಕಾರಿಗಳಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಈ ಆದೇಶವನ್ನು ಕೊಡಬಹುದು. ಇಪ್ಪತ್ತೊಂದು ದಿನದೊಳಗೆ ಒಂದು ಮಾತು ತಿಳಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಎಷ್ಟು ಅಲೆದಾಟ!

ಸತ್ತವರ ಹೆಸರನ್ನು ಬರೆದಿಡುವುದು ನಮ್ಮ ನಾಡಿಗೆ ಹೊಸದಲ್ಲ. ಊರೂರಿನಲ್ಲಿಯೂ ವೀರಗಲ್ಲುಗಳಿವೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949ರ ಸುಮಾರಿನ ಶಾಸನವಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನೂ ಉಳಿಸಿದೆ. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಕಲ್ಲು ದೊರೆತದ್ದು ಶೂರರಿಗೆ, ಶ್ರೀಮಂತರಿಗೆ. ಹೊಸ್ತಿಲ ಮೇಲೆ ಕುಳಿತು ಹುರಿಗಡಲೆ ತಿನ್ನುವ ಮಗುವಿಗೆ ಕಲ್ಲು ನಿಲ್ಲಿಸುವವರಿಲ್ಲ. ಅವಳಿಗೂ ಒಂದು ಸಾಲನ್ನು ಮೀಸಲಿಟ್ಟದ್ದು ಗ್ರಾಮಲೆಕ್ಕಿಗರ ಆ ವಹಿ. ಗದ್ದೆಯ ಒಡೆಯನಿಗೂ ಒಂದೇ ಸಾಲು, ಮೂರು ವರ್ಷದ ಕೂಸಿಗೂ ಒಂದೇ ಸಾಲು. ಆದರೆ ಆ ಸಾಲು ತಾನಾಗಿ ತುಂಬುವುದಿಲ್ಲ. ಮನೆಯವರು ಯಾರಾದರೂ ಹೋಗಿ ಹೇಳಬೇಕು.

ಎರಡು ಪ್ರಮಾಣಪತ್ರಗಳನ್ನೂ ತಂದ ದಿನ ಅಮ್ಮ ನಡುಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಮೊದಲು ಅಜ್ಜನದನ್ನು ಓದಿದೆ, ತಲೆಯಾಡಿಸಿದರು. ಆ ಮೇಲೆ ಎರಡನೆಯದನ್ನು ತೆಗೆದು ತಂಗಿಯ ಹೆಸರನ್ನು ಓದಿದೆ. ಅಮ್ಮನ ಕೈ ನಿಂತಿತು. ತಾರೀಖನ್ನು ಓದಿದೆ. "ನಾಗರಪಂಚಮಿ ಕಳೆದು ಐದಾರು ದಿನ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಬರೆಸಿದವರು ಯಾರೆಂಬುದು ಪತ್ರದಲ್ಲಿರಲಿಲ್ಲ. ಅದನ್ನು ನಾನು ಬಾಯಲ್ಲಿ ಹೇಳಿದೆ. ಆಗಸ್ಟ್ 16, ಮೂರನೆಯ ದಿನ ಎಂದೂ ಹೇಳಿದೆ.

ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆ ಮೇಲೆ, "ಅಂದು ಸಂಜೆ ಅವರು ನೆನೆದು ತೊಪ್ಪೆಯಾಗಿ ಬಂದಿದ್ದರು. ಎಲ್ಲಿಗೆ ಹೋಗಿದ್ದಿರೆಂದು ನಾನು ಕೇಳಲಿಲ್ಲ, ಮಗಾ. ಗದ್ದೆಗೆ ಹೋಗಿದ್ದಾರೆ ಎಂದುಕೊಂಡೆ" ಎಂದರು.

ಅಜ್ಜನ ಪ್ರಮಾಣಪತ್ರ ಅರ್ಜಿಯೊಡನೆ ಕಚೇರಿಗೆ ಹೋಯಿತು. ಗದ್ದೆ ನಮ್ಮ ಹೆಸರಿಗೆ ಬಂದಿತು. ಇನ್ನೊಂದು ಪತ್ರ ಅಮ್ಮನ ಟ್ರಂಕಿನಲ್ಲಿದೆ. ಅದರಿಂದ ಯಾವ ಕೆಲಸವೂ ಆಗಬೇಕಾಗಿಲ್ಲ. ಪ್ರತಿ ವರ್ಷ ನಾಗರಪಂಚಮಿ ಕಳೆದ ಮೇಲೆ ಅಮ್ಮ ಅದನ್ನು ತೆಗೆಸಿ ನನ್ನಿಂದ ಒಮ್ಮೆ ಓದಿಸುತ್ತಾರೆ.