ಹುಲಿಗೆ ಸಿಟ್ಟು ಬಂದಿದೆಯೇ?

ಚಿಕ್ಕೋಡಿ

ಆತ್ಮೀಯ ಗೆಳೆಯರೇ,

ಅಥಣಿಯಿಂದ ಅಷ್ಟು ದೂರ ಮಕ್ಕಳನ್ನು ಭೂತರಾಮನಹಟ್ಟಿಯ ಝೂಗೆ ಕರೆದೊಯ್ದರೆ ಟ್ರಿಪ್ಪಿನ ಮಜಾ ಬಿಟ್ಟು ಬೇರೇನಾದರೂ ದಕ್ಕೀತೇ ಎಂದು ಕೇಳಿದ್ದೀರಿ. ದಕ್ಕುತ್ತದೆ, ಆದರೆ ಇಡೀ ಝೂ ತೋರಿಸುವ ಆಸೆ ಬಿಡಬೇಕು. ನಿಪ್ಪಾಣಿಯವರಿಗೆ ಹೆದ್ದಾರಿ ಹಿಡಿದು ಸಂಕೇಶ್ವರ, ಯಮಕನಮರಡಿ ದಾಟಿದರೆ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯ ಬಂದೇಬಿಟ್ಟಿತು. ರಾಯಬಾಗ, ಕಾಗವಾಡದವರು ಮಾತ್ರ ನಸುಕಿನಲ್ಲೇ ಬಸ್ ಹತ್ತಬೇಕು.

ಅಲ್ಲಿ ನಾನು ಮಾಡಿಸುವುದಿಷ್ಟೇ: ಒಂದು ಗುಂಪಿಗೆ ಒಂದೇ ಪ್ರಾಣಿ, ಒಂದು ತಾಸು. ಗಡಿಯಾರ ಹಿಡಿದವರು ಎರಡು ನಿಮಿಷಕ್ಕೊಮ್ಮೆ ಕೈ ಎತ್ತುತ್ತಾರೆ (ಸೀಟಿ ಬೇಡ, ಜಿಂಕೆ ಬೆದರುತ್ತವೆ). ಆ ಕ್ಷಣ ಪ್ರಾಣಿ ಏನು ಮಾಡುತ್ತಿತ್ತೋ ಅದನ್ನಷ್ಟೇ ಬರೆಯಬೇಕು. ಇದು ನನ್ನ ಉಪಾಯವಲ್ಲ. ನಮ್ಮ ಕಣ್ಣು ಜಗಳ, ಜಿಗಿತಗಳನ್ನಷ್ಟೇ ಆರಿಸಿಕೊಳ್ಳುತ್ತದೆ, ಅದಕ್ಕೇ ನೋಡುವುದಕ್ಕೂ ಒಂದು ಶಿಸ್ತು ಬೇಕು ಎಂದು ಜೀನ್ ಆಲ್ಟ್‌ಮನ್ 1974ರಲ್ಲಿ ಬರೆದ ಪ್ರಬಂಧದಿಂದ ಬಂದದ್ದು. ಸಿಂಹದ ಗುಂಪಿಗೆ ಬಿದ್ದ ಹುಡುಗಿಯ ಹಾಳೆಯಲ್ಲಿ ಮೇಲಿಂದ ಕೆಳತನಕ ‘ಮಲಗಿದೆ, ಮಲಗಿದೆ, ಮಲಗಿದೆ’, ನಡುವೆ ಒಮ್ಮೆ ‘ಬಾಲ ಅಲ್ಲಾಡಿಸಿತು’. ಅವಳ ಮುಖ ಸಣ್ಣದಾಗಿತ್ತು. ಸಿಂಹ ದಿನಕ್ಕೆ 20 ತಾಸಿನವರೆಗೂ ಬಿದ್ದುಕೊಂಡೇ ಇರುತ್ತದೆ, ನಿನ್ನ ಹಾಳೆಯೇ ಎಲ್ಲಕ್ಕಿಂತ ಖರೆ ಎಂದೆ.

ಹುಲಿಯ ಗುಂಪಿನ ಹುಡುಗ ಬರೆದದ್ದು ‘ಸಿಟ್ಟು ಬಂದಿದೆ’. “ಸಿಟ್ಟು ಎಲ್ಲಿ ಕಾಣಿಸ್ತೋ?” ಎಂದರೆ, “ಸರ್, ಸುಮ್ನ ಆ ಕಡಿಂದ ಈ ಕಡಿಗಿ ಅಡ್ಡಾಡಾಕತ್ತೈತ್ರಿ” ಅಂದ. ಹಾಗಾದರೆ ಅದನ್ನೇ ಬರಿ. ಮುಂದಿನ ಅರ್ಧ ತಾಸು ಅವನು ನೋಡಿದ. ಅದೇ ದಾರಿ, ಅದೇ ಮೂಲೆಯಲ್ಲಿ ಅದೇ ತಿರುವು. ಕಾಡಿನಲ್ಲಿ ಬಹು ದೂರ ತಿರುಗುವ ಮಾಂಸಾಹಾರಿಗಳಿಗೇ ಬೋನಿನಲ್ಲಿ ಈ ಚಾಳಿ ಹೆಚ್ಚು ಅಂಟುತ್ತದೆ ಎಂದು 2003ರಲ್ಲಿ ಒಂದು ಅಧ್ಯಯನ ತೋರಿಸಿತು. ಅಂದರೆ ಹುಡುಗ ನೋಡುತ್ತಿದ್ದದ್ದು ಹುಲಿಯನ್ನಷ್ಟೇ ಅಲ್ಲ, ಬೇಲಿಯನ್ನೂ.

ಇದನ್ನು ಮರೆತರೆ ದೊಡ್ಡವರೂ ಎಡವುತ್ತಾರೆ. ಲಂಡನ್ ಝೂನಲ್ಲಿ 1925ರಲ್ಲಿ ನೂರರಷ್ಟು ಹಮದ್ರ್ಯಾಸ್ ಬಬೂನುಗಳನ್ನು ಒಂದು ಕೃತಕ ಗುಡ್ಡದ ಮೇಲೆ ತುಂಬಿದರು, ಬಹುಪಾಲು ಗಂಡು. ಆಮೇಲೆ ಹೆಣ್ಣುಗಳನ್ನೂ ಬಿಟ್ಟರು. ಕಾದಾಟದಲ್ಲಿ ಹೆಣ್ಣುಗಳೇ ಹೆಚ್ಚು ಸತ್ತವು. ಮಂಗಗಳ ಸಂಸಾರವೆಂದರೆ ಇದೇ ಎಂಬಂತೆ ಸಾಲಿ ಝುಕರ್‌ಮನ್ 1932ರಲ್ಲಿ ಪುಸ್ತಕ ಬರೆದರು. ಹನ್ಸ್ ಕುಮ್ಮರ್ ಇಥಿಯೋಪಿಯಾಕ್ಕೆ ಹೋಗಿ ಅದೇ ಬಬೂನುಗಳನ್ನು ಬಯಲಿನಲ್ಲಿ ನೋಡಿದಾಗ, ಒಂದು ಗಂಡಿನ ಸಂಸಾರಕ್ಕೆ ಇನ್ನೊಂದು ಗಂಡು ಸಾಮಾನ್ಯವಾಗಿ ಕೈ ಹಾಕುತ್ತಲೇ ಇರಲಿಲ್ಲ.

ಇದರ ಉಲ್ಟಾ ಕಥೆ ನಮ್ಮ ಧಾರವಾಡದ್ದು. 1960ರ ದಶಕದ ಮೊದಲಲ್ಲಿ ಜಪಾನಿನ ಯುಕಿಮಾರು ಸುಗಿಯಾಮಾ ಅಲ್ಲಿನ ಕಾಡಂಚಿನ ಕರಿಮೂತಿಯ ಮುಸ್ಯಾಗಳ ಬೆನ್ನು ಹತ್ತಿ ತಿರುಗಿದರು. ಹೊರಗಿನ ಗಂಡುಗಳು ನುಗ್ಗಿ ಹಿಂಡಿನ ಯಜಮಾನನನ್ನು ಓಡಿಸಿದವು. ಹೊಸದಾಗಿ ಯಜಮಾನನಾದದ್ದು ಮರಿಗಳನ್ನು ಕಚ್ಚಿ ಕೊಂದಿತು. ಮುಂದೆ ತಾಯಿ ಮುಸ್ಯಾಗಳು ಅದರ ಜೊತೆಗೇ ಕೂಡಿದವು. ದಟ್ಟಣೆಯಿಂದ ಕೆಟ್ಟ ಮಂಗಗಳ ವಿಕೃತಿ ಇದು ಎಂದು ಹಲವರು ತಳ್ಳಿಹಾಕಿದರು. ಸಾರಾ ಹರ್ಡಿ ಮೌಂಟ್ ಅಬುವಿನಲ್ಲಿ ಮುಸ್ಯಾಗಳನ್ನು ನೋಡಿ 1977ರಲ್ಲಿ ಪುಸ್ತಕ ತಂದ ಮೇಲೆ, ಗಂಡು ತನ್ನ ಸಂತತಿಗೆ ದಾರಿ ಮಾಡಿಕೊಳ್ಳುವ ಬಗೆ ಇದಿರಬಹುದೆಂಬ ವಿವರಣೆ ಬಲವಾಯಿತು. ಬೋನಿನದ್ದನ್ನು ಸಹಜ ಎಂದವರುಂಟು, ಬಯಲಿನದ್ದನ್ನು ಅಸಹಜ ಎಂದವರುಂಟು. ಸುಗಿಯಾಮಾ ಕಂಡದ್ದನ್ನು ಕಂಡಂತೆ ಬರೆದಿಟ್ಟಿದ್ದರಿಂದಲೇ ಮುಂದಿನವರ ವಾದಕ್ಕೆ ಆಧಾರ ಉಳಿಯಿತು.

ಹಾಗಾಗಿ ಝೂನಿಂದ ಬಂದ ವಾರವೇ ಅದೇ ಹಾಳೆ ಹಿಡಿದು ಊರ ಮಂಗಗಳನ್ನು ನೋಡಲು ಕಳಿಸಿ. ಕಬ್ಬಿನ ಹೊಲದಂಚಿನಲ್ಲಿ, ಗುಡಿಯ ಮುಂದೆ ಅವು ಟಿಕೆಟ್ಟಿಲ್ಲದೆ ಸಿಗುತ್ತವೆ. ಏನೂ ತಿನ್ನಿಸಬಾರದು, ಮರಿ ಎತ್ತಿಕೊಂಡ ತಾಯಿಯ ಹತ್ತಿರ ಹೋಗಬಾರದು.

ಹಾಳೆಯ ನಮೂನೆ ಈ ಲಕೋಟೆಯಲ್ಲೇ ಇದೆ. ‘ಏಕೆ’ ಎಂಬ ಕಾಲಂ ಬೇಕೆಂದೇ ಬಿಟ್ಟಿದ್ದೇನೆ; ಮಕ್ಕಳು ಜಗಳ ತೆಗೆದರೆ ಹಿಂಬದಿಯಲ್ಲಿ ಬರೆಯಲಿ.

ನಿಮ್ಮ ಗೆಳೆಯ