ಕಿವಿಗೊಂದು ಕದ

ನಮ್ಮ ತಮ್ಮನ ಮಗನು ಬೆಂಗಳೂರಿನ ಕ್ಲಬ್ಬುಗಳಲ್ಲಿ ಡಿ.ಜೆ. ಆಗಿರುವನೆಂಬ ವಾರ್ತೆಯು ಮಧುಗಿರಿಗೆ ಬಂದಾಗ, ನಮ್ಮ ಮನೆಯಲ್ಲಿ ಅದನ್ನು ಕೇಳಿ ಸಂತೋಷಪಟ್ಟವರು ಯಾರೂ ಇರಲಿಲ್ಲ. ಗಣೇಶನ ಮೆರವಣಿಗೆಯಲ್ಲಿ ಲಾರಿಯ ತುಂಬ ಧ್ವನಿವರ್ಧಕಗಳನ್ನು ಪೇರಿಸಿ ಕಿಟಕಿಗಳನ್ನು ನಡುಗಿಸುವುದಕ್ಕೆ ನಮ್ಮ ಕಡೆ ಡಿ.ಜೆ. ಎನ್ನುವರಷ್ಟೆ. ಮೂವತ್ತನಾಲ್ಕು ವರ್ಷ ಸಂಸ್ಕೃತವನ್ನು ಬೋಧಿಸಿದ ನಾವಂತೂ, ಇತರರ ಹಾಡುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುವುದೂ ಒಂದು ವಿದ್ಯೆಯೇ ಎಂದು ಹಾಸ್ಯಮಾಡಿ, ಎರಡು ವರ್ಷ ಅವನೊಡನೆ ಆ ಮಾತನ್ನೇ ಎತ್ತಲಿಲ್ಲ. ಒಂದು ಯುಗಾದಿಗೆ ಅವನು ಊರಿಗೆ ಬಂದವನು, ಸಂಜೆ ಜಗಲಿಯ ಮೇಲೆ ನಮ್ಮ ಪಕ್ಕದಲ್ಲಿ ಕುಳಿತು, “ದೊಡ್ಡಪ್ಪ, ಕೆಲಸ ಮುಗಿಸಿ ಮಲಗಿದರೆ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗಾಗುತ್ತದೆ. ನಿಮಗೂ ಹೀಗೆಯೇ ಮೊದಲಾಯಿತೆ?” ಎಂದು ಕೇಳಿದನು. ಆ ಪ್ರಶ್ನೆಗೆ ಹಾಸ್ಯದ ಉತ್ತರವು ನಮ್ಮಲ್ಲಿರಲಿಲ್ಲ.

ನಮ್ಮ ಕಿವಿಯ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ. ನಮ್ಮ ತಂದೆಯವರು ಪೇಟೆಯಲ್ಲಿ ಹಿಟ್ಟಿನ ಗಿರಣಿಯನ್ನಿಟ್ಟಿದ್ದರು. ಈಗ ಅದನ್ನು ತಮ್ಮನು ನಡೆಸುತ್ತಾನೆ. ಬಾಲ್ಯದಿಂದಲೂ, ಉಪಾಧ್ಯಾಯರಾದ ಮೇಲೂ, ಶಾಲೆಗೆ ಮುಂಚೆ ಎರಡು ಗಂಟೆ ಅದರ ಮಗ್ಗುಲಲ್ಲಿ ನಿಂತು ರಾಗಿಯನ್ನು ಸುರಿಯುವುದು ನಮ್ಮ ಪಾಲಿನ ಕೆಲಸವಾಗಿತ್ತು. ನಿವೃತ್ತಿಗೆ ಮೂರು ವರ್ಷ ಮುಂಚೆ ಒಂದು ದಿನ ತರಗತಿಯಲ್ಲಿ ಒಬ್ಬ ಬಾಲಿಕೆಯು ‘ಸಕಲ’ ಎಂದು ಓದಿದಳು. ನಮಗೆ ‘ಶಕಲ’ ಎಂದು ಕೇಳಿಸಿತು. ಸಕಲವೆಂದರೆ ಸಮಸ್ತ, ಶಕಲವೆಂದರೆ ಚೂರು. ತಿದ್ದಿದೆವು. ಅವಳು ಪುನಃ ಹೇಳಿದಳು, ನಾವು ಪುನಃ ತಿದ್ದಿದೆವು. ಮೂರನೆಯ ಸಲ ಅವಳ ಕಣ್ಣಿನಲ್ಲಿ ನೀರು ಬಂದಿತು. ಇಡೀ ತರಗತಿಯು ಮೌನವಾಗಿ ನಮ್ಮನ್ನೇ ನೋಡುತ್ತಿತ್ತು. ತಪ್ಪು ಯಾರದೆಂಬುದು ಆ ಮೌನದಿಂದಲೇ ನಮಗೆ ತಿಳಿಯಿತು.

ವೈದ್ಯರು ಪರೀಕ್ಷಿಸಿ, ವಯಸ್ಸೂ ಗಿರಣಿಯೂ ಕೂಡಿ ಮಾಡಿದ ಕೆಲಸವಿದೆಂದರು. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15,000 ಇರುವುವಂತೆ. ಅತಿಯಾದ ಸದ್ದಿಗೆ ಸತ್ತುವು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತಾರಧ್ವನಿಗಳು. ಊಷ್ಮವರ್ಣಗಳ ಭೇದವೆಲ್ಲ ಅಲ್ಲಿಯೇ ಇರುವುದರಿಂದ, ಸಂಸ್ಕೃತದ ಉಪಾಧ್ಯಾಯನಿಗೆ ಇದಕ್ಕಿಂತ ಕ್ರೂರವಾದ ಕಳ್ಳನು ಬೇರೊಬ್ಬನಿಲ್ಲ.

ಹೀಗಾಗಿ ಆ ಸಂಜೆ ನಾವು ಮೊದಲ ಸಲ ಹುಡುಗನ ವೃತ್ತಿಯನ್ನು ಗಮನವಿಟ್ಟು ವಿಚಾರಿಸಿದೆವು. ಸಭೆಗೆ ಒಂದು ಹಾಡು ಕೇಳಿಸುತ್ತಿರುವಾಗಲೇ ಅವನು ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ತಾನೊಬ್ಬನೇ ಕೇಳಿ, ಅದರ ವೇಗವನ್ನು ಏರಿಸಿ ಇಳಿಸಿ, ಮೊದಲನೆಯದರ ಲಯಕ್ಕೆ ಕೂಡಿಸಿ, ಬೆಸುಗೆ ಕಾಣದಂತೆ ಒಂದರೊಳಗೊಂದನ್ನು ಸೇರಿಸಬೇಕು. ಒಂದು ಕಿವಿ ಸಭೆಗೆ, ಒಂದು ಕಿವಿ ಹೆಡ್‌ಫೋನಿಗೆ. ಅಮೆರಿಕದ ನ್ಯೂಯಾರ್ಕಿನಲ್ಲಿ 1969ರ ಸುಮಾರಿಗೆ ಫ್ರಾನ್ಸಿಸ್ ಗ್ರಾಸೊ ಎಂಬಾತನು ಈ ಕ್ರಮವನ್ನು ರೂಢಿಗೆ ತಂದವರಲ್ಲಿ ಅಗ್ರಗಣ್ಯನೆನ್ನುವರು. ಅಷ್ಟಾವಧಾನವನ್ನು ಕಂಡು ತಲೆದೂಗಿದ ನಾವು ಈ ದ್ವ್ಯವಧಾನವನ್ನು ಹಳಿದುದು ನ್ಯಾಯವಲ್ಲವೆಂದು ಮನಸ್ಸಿನಲ್ಲಿಯೇ ಒಪ್ಪಿಕೊಂಡೆವು.

ಈ ಕೆಲಸಕ್ಕೆ ಹಿಂಬದಿ ಮುಚ್ಚಿದ ಹೆಡ್‌ಫೋನೇ ಆಗಬೇಕು. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯು ಹಿಂಬದಿ ತೆರೆದ ಜಾತಿಯೊಂದನ್ನು ಹೊರತಂದಿತು. ಅಂತಹುದು ನಿಶ್ಶಬ್ದವಾದ ಮನೆಯಲ್ಲಿ ಸಂಗೀತವನ್ನು ಸವಿಯುವುದಕ್ಕೆ ಬಲು ಚೆಲುವು. ಗದ್ದಲದಲ್ಲಾದರೋ, ಕದವಿಲ್ಲದ ಮನೆಯ ಹಾಗೆ ಹೊರಗಿನದೆಲ್ಲ ಒಳಗೆ ನುಗ್ಗುತ್ತದೆ. ಮುಚ್ಚಿದುದನ್ನು ಕೊಳ್ಳುವ ತರುಣರು ಅದನ್ನು ಜೋರಾಗಿ ಕೇಳಬಹುದೆಂದು ಕೊಳ್ಳುತ್ತಾರೆ. ನಿಜವಾದ ಪ್ರಯೋಜನವು ಇದಕ್ಕೆ ವಿರುದ್ಧವಾದುದು: ಹೊರಗಿನ ಸದ್ದು ಎಷ್ಟು ತಗ್ಗಿದರೆ ಒಳಗಿನ ಸದ್ದನ್ನು ಅಷ್ಟು ತಗ್ಗಿಸಬಹುದು.

ಹುಡುಗನ ಹಳೆಯ ಹೆಡ್‌ಫೋನು ಸವೆದಿತ್ತು. ಸ್ನೇಹಿತರಿಂದ ಎರವಲು ತಂದ ಬೇರೆ ಎರಡು ಅವನ ಚೀಲದಲ್ಲಿದ್ದುವು. ಅಂಗಡಿಯ ಶಾಂತಿಯಲ್ಲಿ ಎಲ್ಲವೂ ಇಂಪಾಗಿಯೇ ಇರುವುದರಿಂದ, ಪರೀಕ್ಷೆಯನ್ನು ಗಿರಣಿಯಲ್ಲಿ ಮಾಡುವುದೆಂದು ನಿಶ್ಚಯಿಸಿದೆವು. ನಾವು ಕಿವಿಗೆ ಹತ್ತಿಯನ್ನಿಟ್ಟು, ಕೈಯಲ್ಲಿ ಹಲಗೆ ಬಳಪಗಳನ್ನು ಹಿಡಿದು ನಿಂತೆವು. ಹಾಡಿನ ತಾಳವು ಸ್ಫುಟವಾಗುವವರೆಗೆ ಅವನು ತಿರುಗಣಿಯನ್ನು ಏರಿಸಬೇಕು, ಅಂಕಿಯನ್ನು ನಾವು ಬರೆಯಬೇಕು. ಬರೆದ ಮೇಲೆ ತಪ್ಪು ಹೊಳೆಯಿತು. ಒಂದೊಂದು ಹೆಡ್‌ಫೋನಿನ ಶಕ್ತಿಯೇ ಬೇರೆಯಾಗಿರುವಾಗ, ತಿರುಗಣಿಯ ಅಂಕಿ ಚಿಕ್ಕದಾದ ಮಾತ್ರಕ್ಕೆ ಸದ್ದು ಕಡಿಮೆಯೆನ್ನಲಾಗದು. ಆದುದರಿಂದ ಗಿರಣಿಯನ್ನು ನಿಲ್ಲಿಸಿ ಮೌನದಲ್ಲೊಮ್ಮೆ, ಓಡಿಸಿ ಗದ್ದಲದಲ್ಲೊಮ್ಮೆ ಅಳೆದು, ಎಷ್ಟು ಏರಿಸಬೇಕಾಯಿತೆಂಬ ಅಂತರವನ್ನು ಮಾತ್ರ ಲೆಕ್ಕಕ್ಕೆ ಹಿಡಿದೆವು. ಸ್ಥೂಲವಾದ ಪರೀಕ್ಷೆಯೇ ಸರಿ, ಆದರೂ ಅದರಿಂದ ಬಹಳ ತಿಳಿಯಿತು.

ಹಳೆಯದು ಮೂರರಿಂದ ಎಂಟಕ್ಕೆ ಏರಿತು. ಮೆತ್ತೆಯ ಕೃತಕ ಚರ್ಮವು ಬೆವರಿಗೂ ಬಿಸಿಲಿಗೂ ಸುಲಿದು, ಬಿರುಕುಗಳಲ್ಲಿ ಸದ್ದು ನುಗ್ಗುತ್ತಿತ್ತು. ಎರಡನೆಯದು ಕಿವಿಯನ್ನೆಲ್ಲ ಸುತ್ತುವರಿಯುವ ದೊಡ್ಡ ಮೆತ್ತೆಯದು. ಅದೇ ಗೆಲ್ಲುವುದೆಂದು ನಾವು ಎಣಿಸಿದ್ದರೆ, ನಾಲ್ಕರಿಂದ ಏಳಕ್ಕೆ ಹೋಯಿತು. ಕಾರಣವನ್ನು ಹುಡುಕಿದಾಗ ಅವನ ಕನ್ನಡಕದ ದಪ್ಪ ಕಡ್ಡಿಯು ಮೆತ್ತೆಯನ್ನು ಎತ್ತಿ ಹಿಡಿದು ಸಂದು ಮಾಡಿರುವುದು ಕಂಡಿತು. ಕನ್ನಡಕವನ್ನು ತೆಗೆದರೆ ಐದೂವರೆಗೆ ನಿಂತಿತು. ಮೂರನೆಯದು ಕಿವಿಯ ಮೇಲೆಯೇ ಬಿಗಿಯಾಗಿ ಕೂರುವ ಚಿಕ್ಕ ಜಾತಿ. ಕನ್ನಡಕವಿದ್ದಾಗಲೂ ಎರಡರಿಂದ ನಾಲ್ಕಕ್ಕೆ ಸಾಕಾಯಿತು. ಬಿಗಿತದಿಂದ ಗಂಟೆ ಕಳೆದ ಮೇಲೆ ಕಿವಿ ನೋಯುವುದುಂಟು. ಕೊಳ್ಳುವವನು ತನ್ನ ತಲೆಯನ್ನೇ ಪ್ರಮಾಣವಾಗಿ ಹಿಡಿಯಬೇಕಲ್ಲದೆ ಪರರ ಪ್ರಶಂಸೆಯನ್ನಲ್ಲ. ಯಾವ ಹೆಡ್‌ಫೋನೇ ಆಗಲಿ, ಕೀರಲು ಸದ್ದನ್ನು ತಡೆದಷ್ಟು ಗಿರಣಿಯ ಗುಡುಗಿನಂತಹ ಮಂದ್ರವನ್ನು ತಡೆಯಲಾರದೆಂಬುದೂ ಅಂದೇ ತಿಳಿಯಿತು.

ಮಿಕ್ಕ ಲಕ್ಷಣಗಳನ್ನು ಹುಡುಗನೇ ನಮಗೆ ಪಾಠಮಾಡಿದನು. ಒಂದು ಬಟ್ಟಲು ಹಿಂದಕ್ಕೆ ತಿರುಗಿ ಒಂದು ಕಿವಿಯನ್ನು ಬಿಡುವಂತಿರಬೇಕು. ತಂತಿಯಿಲ್ಲದುದು ಆಗದು, ಅದರಲ್ಲಿ ಧ್ವನಿಯು ಕ್ಷಣದ ಒಂದಂಶ ತಡವಾಗಿ ಬರುವುದರಿಂದ ತಾಳವೇ ತಪ್ಪುತ್ತದೆ. ಮೆತ್ತೆ, ತಂತಿಗಳನ್ನು ಬೇರೆಯಾಗಿ ಕೊಂಡು ಬದಲಾಯಿಸುವಂತಿರಬೇಕು. ಸೆನ್‌ಹೈಸರ್ ಸಂಸ್ಥೆಯವರೇ 1988ರಲ್ಲಿ ಹೊರತಂದ ಎಚ್‌ಡಿ 25 ಎಂಬುದು ತಂತಿಯನ್ನು ಬಿಟ್ಟರೆ ಕೇವಲ 140 ಗ್ರಾಂ ತೂಗುವುದಾದರೂ, ಬಿಡಿಭಾಗಗಳನ್ನು ಬದಲಾಯಿಸಬಹುದಾದುದರಿಂದಲೇ ಇಂದಿಗೂ ಈ ವೃತ್ತಿಯವರ ಕೈಯಲ್ಲಿದೆಯಂತೆ. ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅವನು ಕಿವಿಯ ಮೇಲೆ ಕೂರುವ ಜಾತಿಯನ್ನೇ ಕೊಂಡನು. ತೆಳುಕಡ್ಡಿಯ ಕನ್ನಡಕವೊಂದನ್ನು ನಾವು ಕೊಡಿಸಿದೆವು.

ಕದವೊಂದನ್ನಿಟ್ಟ ಮಾತ್ರಕ್ಕೆ ಮನೆಯು ಭದ್ರವಾಯಿತೆಂದು ತಿಳಿಯಬಾರದು. ಕೆಲಸಗಾರರ ಕಿವಿಗೆ 85 ಡೆಸಿಬೆಲ್ ಸದ್ದು ದಿನಕ್ಕೆ 8 ಗಂಟೆ ಸಹ್ಯವೆಂದೂ, ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಕಾಲವು ಅರ್ಧವಾಗುವುದೆಂದೂ ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರು ಸೂತ್ರವನ್ನು ಹಾಕಿದ್ದಾರೆ. ಲೆಕ್ಕಹಾಕಿದರೆ 100 ಡೆಸಿಬೆಲ್ಲಿಗೆ ದೊರೆಯುವುದು ಕೇವಲ ಕಾಲು ಗಂಟೆ. ಸಂಗೀತಶಾಲೆಗಳಲ್ಲಿ ಕಾಲು ಗಂಟೆಯ ಸರಾಸರಿಯು ಈ 100ನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಹೇಳಿತು. ಕುಣಿಯುವವರು ಎದ್ದು ಹೋಗಬಹುದು, ನುಡಿಸುವವನು ಹೋಗುವಂತಿಲ್ಲ. ಆದುದರಿಂದ ಸಭೆಯ ಕಡೆಗೆ ಬಿಟ್ಟ ಕಿವಿಗೆ ಬೆಣೆಯನ್ನಿಡುವುದೂ, ನಡುನಡುವೆ ಹೊರಗೆ ಬಂದು ಕಿವಿಗೆ ವಿರಾಮ ಕೊಡುವುದೂ, ವರ್ಷಕ್ಕೊಮ್ಮೆ ಶ್ರವಣಪರೀಕ್ಷೆ ಮಾಡಿಸುವುದೂ ನಮ್ಮಿಬ್ಬರ ಒಪ್ಪಂದವಾಯಿತು.

ಗೃಹಸ್ಥರಿಗೆ ಈ ವಿಚಾರವೇಕೆಂದು ವಾಚಕರು ಕೇಳಬಹುದು. ಇಂದು ಕಿವಿಯಲ್ಲಿ ಏನನ್ನೂ ಸಿಕ್ಕಿಸಿಕೊಳ್ಳದ ಮಕ್ಕಳಿರುವ ಮನೆ ಯಾವುದು? ಬೈದರೆ ಅವರು ಕದವಿಕ್ಕಿಕೊಳ್ಳುವರು. ಪಕ್ಕದಲ್ಲಿ ಕುಳಿತು ವಿಚಾರಿಸಿದರೆ ಹೇಳುವರು. ನಾವು ಎರಡು ವರ್ಷ ಮುಂಚೆಯೇ ವಿಚಾರಿಸಿದ್ದರೆ ಜೀರುಂಡೆಯು ಬಾರದೆಯೇ ಇರುತ್ತಿತ್ತೋ ಏನೋ.

ಗೌರಿಹಬ್ಬಕ್ಕೆ ಹುಡುಗನು ಮತ್ತೆ ಬಂದಿದ್ದನು. ಜೀರುಂಡೆ ಪೂರ್ತಿಯಾಗಿ ಹೋಗಿಲ್ಲ, ಹೆಚ್ಚಿಯೂ ಇಲ್ಲವೆಂದನು. ಬೆನ್ನು ತಿರುಗಿಸಿ ಬೆಟ್ಟದ ಕಡೆಗೆ ನಿಲ್ಲೆಂದು ಹೇಳಿ, ನಾವು ಹಿಂದಿನಿಂದ ಮೆಲ್ಲಗೆ ‘ಸಕಲ’ ಎಂದೆವು, ‘ಶಕಲ’ ಎಂದೆವು, ಕ್ರಮವನ್ನು ಬದಲಾಯಿಸಿ ಹತ್ತು ಸಲ ಹೇಳಿದೆವು. ಅವನು ಹತ್ತನ್ನೂ ಸರಿಯಾಗಿ ಗುರುತಿಸಿದನು. ನಮ್ಮ ಬಾಯಿಂದ ಹೊರಟು ನಮಗೇ ಕೇಳಿಸದ ಭೇದವು ಅವನಿಗೆ ಕೇಳಿಸಿತು.