ಮಳೆಗಾಲದ ತೋಟೆ

ಮಲೆನಾಡಲ್ಲಿ ಜೂನ್ ಬಂತಂದ್ರೆ ಹಪ್ಪಳದ ಹಾಗೆ ಕೋವಿಯ ತೋಟೆಗೂ ಥಂಡಿ ಹಿಡಿಯುತ್ತೆ. ನಮ್ಮನೇಲಿರೋದು ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ 12 ಬೋರಿನ ಕೋವಿ. ಅಜ್ಜನ ಕಾಲದ ಕಾಗದದ ತೋಟೆ ಮಳೆಗಾಲದಲ್ಲಿ ಉಬ್ಬಿ ನಳಿಗೆಗೇ ಇಳೀತಿರಲಿಲ್ಲವಂತೆ. ಈಗಿನ ಪ್ಲಾಸ್ಟಿಕ್ ತೋಟೆ ಉಬ್ಬಲ್ಲ. ಆದರೆ ಬುಡದ ಲೋಹಕ್ಕೆ ಕಿಲುಬು ಹಿಡಿಯುತ್ತೆ.

ಅಪ್ಪ ತೋಟೆಗಳನ್ನು ಚರ್ಮದ ಬೆಲ್ಟಿನಲ್ಲೇ ಸಿಕ್ಕಿಸಿಡ್ತಿದ್ದರು. ಚರ್ಮ ತೇವ ಹೀರುತ್ತೆ, ಹಿತ್ತಾಳೆಯ ಮೇಲೆ ಹಸಿರು ಕೂರುತ್ತೆ. "ಒಂದು ತೋಟೆ ಠುಸ್ ಆದ್ರೆ ಏನಾಯ್ತೋ ಮಾರಾಯ?" ಅಂತಿದ್ದರು.

ನನ್ನ ಭಯ ಹಾರದ ತೋಟೆಯದ್ದಲ್ಲ, ತಡವಾಗಿ ಹಾರೋ ತೋಟೆಯದ್ದು. ಕುದುರೆ ಎಳೆದಾಗ ಬರೀ 'ಟಕ್' ಅಂದರೆ ತಕ್ಷಣ ಕೋವಿ ಬಿಚ್ಚಿ ನೋಡಬಾರದು. ಬಾಯಿಯನ್ನು ಯಾರೂ ಇಲ್ಲದ ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು.

ಅದಕ್ಕೇ ಬೆಂಗಳೂರಿಂದ ರಬ್ಬರ್ ಸೀಲಿನ ಡಬ್ಬಿ, ಸಿಲಿಕಾ ಜೆಲ್ ಒಯ್ದುಕೊಟ್ಟೆ. ತೋಟೆ ತುಂಬಿ ಮುಚ್ಚೋದು ಮಳೆಗೆ ಮೊದಲೇ, ಒಣ ಬಿಸಿಲಿನ ದಿನ. ಮಳೆಯಲ್ಲಿ ಮುಚ್ಚಿದರೆ ತೇವವನ್ನೂ ಒಳಗೇ ಕೂಡಿಹಾಕಿದ ಹಾಗೆ. ಡಬ್ಬಿ ಒಲೆಯಿಂದ ದೂರ, ಬೀಗದೊಳಗೆ ಇರಬೇಕು. ತೋಟೆಗೆ ಎಣ್ಣೆ ಸವರಲೇಬಾರದು. ಕೇಪಿನ ಸಂದಿಯಲ್ಲಿ ಇಳಿದು ಮದ್ದು ಕೆಡಬಹುದು.

ಈಗ ಬೆಲ್ಟು ಗೋಡೆಯ ಮೊಳೆಯಲ್ಲಿ ಖಾಲಿ ನೇತಾಡ್ತಿದೆ. ಕಿಲುಬು ಹಿಡಿದ ತೋಟೆಯನ್ನು ಅಪ್ಪ ಬೇರೆಯೇ ಇಡ್ತಾರೆ, ಕೋವಿಗೆ ತುಂಬಲ್ಲ.